ಕಳೆದ ಎರಡು ವಾರಗಳಲ್ಲಿ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ, ಮುಚ್ಚಿಹೋದ
ಮಂಜುಗಡ್ಡೆ ಕಾರ್ಖಾನೆಯ ಎದುರು, ಮೊದಲ ಮಹಡಿ.
ಎರಡು ಕುರ್ಚಿ. ಕಣ್ಣೊರೆಸುವ ಕಾಗದದ ಡಬ್ಬಿ.
ಅದನ್ನು ಕಂಡಿದ್ದೇ ನನಗೆ ಸಿಟ್ಟು ಬಂತು.
ಬರುವ ಮೊದಲೇ ಅಳುತ್ತೇನೆಂದು ತೀರ್ಮಾನಿಸಿದ್ದರೆ ಇವರು?

ಅವಳ ಹೆಸರು ರೂಡೊ. ಮುಟಾರೆಯಲ್ಲಿ ಹುಟ್ಟಿದವಳಂತೆ.
ವಯಸ್ಸಿನಲ್ಲಿ ಮೊಮ್ಮಗಳಾಗಬೇಕು.
ಹಾಳೆಯೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಓದಿದಳು:
ಕಳೆದ ಎರಡು ವಾರಗಳಲ್ಲಿ
ಎಷ್ಟು ದಿನ ಯಾವುದೂ ಬೇಡವೆನಿಸಿತು?
ಎಷ್ಟು ದಿನ ನಿದ್ದೆ ಹತ್ತಲಿಲ್ಲ?
ಎಷ್ಟು ದಿನ ನಿಮ್ಮ ಬಗ್ಗೆ ನಿಮಗೇ ಹೇಸಿಗೆ?
ಇಲ್ಲವೇ ಇಲ್ಲ ಅಂದರೆ ಸೊನ್ನೆ.
ಹೆಚ್ಚುಕಡಿಮೆ ದಿನಾ ಅಂದರೆ ಮೂರು.

ಸೊನ್ನೆ, ಅಂದೆ. ಸೊನ್ನೆ. ಅದಕ್ಕೂ ಸೊನ್ನೆ.
ಅವಳೇ ಬರೆದುಕೊಂಡಳು, ಪೆನ್ನು ಹಿಡಿಯುವ ಕೈ ನನ್ನದಲ್ಲವಲ್ಲ.

ನಮ್ಮಮ್ಮ ಕಲಿಸಿದ ಲೆಕ್ಕ ಅದು.
ಅಪ್ಪನ ದೋಣಿ ಐಸ್‌ಲ್ಯಾಂಡಿನ ಕಡೆ ಹೊರಟ ದಿನ
ಮನೆಯಲ್ಲಿ ಬಟ್ಟೆ ಒಗೆಯುವಂತಿಲ್ಲ, ಒಗೆದರೆ ಅವನೂ ತೊಳೆದುಹೋಗುತ್ತಾನೆ.
ಮೂರು ವಾರ ಸುದ್ದಿಯಿಲ್ಲ.
ಪಕ್ಕದ ಮನೆಯವಳು ಬೇಲಿಯಾಚೆಯಿಂದ, ಹೇಗಿದ್ದೀರಿ?
ಅಮ್ಮ: ಚೆನ್ನಾಗಿದ್ದೇವೆ.
ಹಿತ್ತಲಲ್ಲಿ ಕೊಳೆಬಟ್ಟೆಯ ಗುಡ್ಡೆ.

ನಾನು ಹದಿನೈದಕ್ಕೇ ಬಲೆಯ ಅಟ್ಟ ಹತ್ತಿದೆ.
ಡಾಂಬರು ವಾಸನೆಯ ಹುರಿ, ಮರದ ಸೂಜಿ,
ಗೋಡೆಗೆ ಬಡಿದ ಕಂಬಿಗೆ ಸಾಲಾಗಿ ನಿಂತ ಹುಡುಗಿಯರು.
ನಿಮಿಷಕ್ಕೆಷ್ಟು ಗಂಟು ಎಂದು ಕೇಳಬೇಡಿ, ಎಣಿಸುತ್ತಿದ್ದವರು ಮಾಲೀಕರು.
ಕೈ ತಾನೇ ಹೋಗುತ್ತಿತ್ತು, ಬಾಯಿ ಹರಟೆಗೆ ಬಿಡುವಾಗಿರುತ್ತಿತ್ತು.

ನಲವತ್ತನಾಲ್ಕರಲ್ಲಿ ಒಂದು ಬೆಳಗ್ಗೆ
ಚಹಾಪಾತ್ರೆಯ ಮುಚ್ಚಳ ಎತ್ತಲಾಗಲಿಲ್ಲ.
ಆಮೇಲೆ ಗಂಟುಗಳು ನನ್ನೊಳಗೇ ಬಿದ್ದವು,
ಬೆರಳಿಗೆ, ಮಣಿಕಟ್ಟಿಗೆ, ಮಂಡಿಗೆ.
ಆಸ್ಪತ್ರೆಯಲ್ಲಿ ಕೀಲುಬೇನೆಗೊಂದು ಉದ್ದ ಹೆಸರು, ರಕ್ತಕ್ಕೊಂದು ಅಂಕಿ.
ಮೂವತ್ತು ವರ್ಷ ಅವರು ಕೇಳಿದ್ದು ಒಂದೇ:
ಬೆಳಗಿನ ಬಿಗಿತ ಎಷ್ಟು ಹೊತ್ತು?

ಮೂರನೇ ವಾರ ರೂಡೊ ಅಂದಳು,
ಎನಿಡ್, ನೋವಿಲ್ಲದ ದಿನ ಇಡೀ ಮನೆ ತೊಳೆದು
ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತೀರಿ.
ಒಂದು ಕಿಟಕಿ, ಅದರಲ್ಲೂ ಅರ್ಧ ಒರೆಸಿ, ಕೂತುಕೊಳ್ಳಿ.
ಅರ್ಧ ಒರೆಸಿದ ಕಿಟಕಿ ನೋಡಿ ಜನ ಏನಂದಾರು?
ಯಾವ ಜನ?
ವಿಲ್ಫ್ರೆಡ್ ಹೋಗಿ ಒಂಬತ್ತು ವರ್ಷ. ಪಕ್ಕದ ಮನೆ ಖಾಲಿ.
ಗಡಿಯಾರ ನೋಡಿದೆ. ಇನ್ನೂ ಹದಿನೇಳು ನಿಮಿಷ ಇತ್ತು.

ಆರನೇ ವಾರ ಅವಳು ಒಂದುಂಡೆ ಹಸಿರು ಹುರಿ ತಂದಿದ್ದಳು.
ಕಟ್ಟೋಕೆ ನನ್ನಿಂದಾಗಲ್ಲ, ಅಂದೆ.
ಹೇಳಿ, ನಾನು ಕಟ್ಟುತ್ತೇನೆ.
ಹೇಳಿದೆ: ಕಣ್ಣಿನೊಳಗಿಂದ ಮೇಲಕ್ಕೆ, ಹೆಬ್ಬೆರಳಲ್ಲಿ ಒತ್ತು,
ಹಿಂದಿನಿಂದ ಸುತ್ತಿ ತಾ, ಅಯ್ಯೋ ಬಿಗಿ ಮಾಡೇ,
ಇದರಲ್ಲಿ ಹ್ಯಾಡಕ್ ಅಲ್ಲ, ಹಡಗೇ ನುಸುಳಿ ಹೋದೀತು!
ಬೈದೆ. ನಕ್ಕಳು. ಅವಳ ಬೆರಳು ನೋಡುತ್ತಾ ನೋಡುತ್ತಾ
ಎಲ್ಲಿಂದ ಬಂತೋ,
ಈ ಕೈ ಕಂಡರೆ ನನಗಾಗುವುದಿಲ್ಲ, ಅಂದುಬಿಟ್ಟೆ.
ಮಲಗುವಾಗ ಹೊದಿಕೆಯಡಿ ಬಚ್ಚಿಡುತ್ತೇನೆ,
ಯಾರದೋ ಕೈ ನನ್ನ ಮಗ್ಗುಲಲ್ಲಿ ಮಲಗಿದ ಹಾಗೆ.
ಗಂಟಲಿಗೊಂದು ಗಂಟು. ಅದನ್ನು ಯಾರೂ ಎಣಿಸಲಿಲ್ಲ.
ಡಬ್ಬಿಯನ್ನು ಅವಳು ಮುಂದಕ್ಕೆ ತಳ್ಳಲಿಲ್ಲ. ನಾನೇ ಕೈಚಾಚಿದೆ.

ಏಳನೇ ವಾರ ಮತ್ತೆ ಹಾಳೆ.
ಎರಡು, ಅಂದೆ. ಮೂರು. ಅದಕ್ಕೆ ಮೂರು.
ಸೊನ್ನೆಯಿದ್ದದ್ದು ಹತ್ತೊಂಬತ್ತಾಯಿತು.
ನೀವು ಕೆಟ್ಟಿರೆಂದು ಕಂಪ್ಯೂಟರು ನನ್ನನ್ನು ಕೇಳೀತು, ಅಂದಳು.
ಕೇಳಲಿ, ಅಂದೆ. ಆ ಮುದುಕಿ ಈಗ ಲೆಕ್ಕ ಕಲಿತಳು ಅನ್ನು.

ಬೆರಳೇನೂ ಕಡಿಮೆಯಾಗಿಲ್ಲ, ಕಟಕಟೆ ಹಿಡಿದೇ ಮೆಟ್ಟಿಲಿಳಿದೆ.
ಬಸ್ಸಿನಲ್ಲಿ ಎದುರಿಗಿದ್ದ ಹುಡುಗ, ಚೆನ್ನಾಗಿದ್ದೀರಾ ಅಜ್ಜೀ, ಅಂದ.
ಇಲ್ಲಪ್ಪ, ಅಷ್ಟೇನಿಲ್ಲ, ಅಂದೆ.
ಪಾಪ, ಗಾಬರಿಯಾಗಿ ಎದ್ದು ಜಾಗ ಬಿಟ್ಟ.

ಅಡುಗೆಮನೆ ಕಿಟಕಿಯ ಎಡಗಡೆ ಹಡಗುಕಟ್ಟೆಯ ಗೋಪುರ ಸ್ವಚ್ಛ ಕಾಣುತ್ತದೆ,
ಬಲಗಡೆ ಉಪ್ಪು, ಸೀಗಲ್ ಹಿಕ್ಕೆ.
ನಾಳೆ ಒರೆಸಬಹುದು.
ಅಥವಾ ಶುಕ್ರವಾರ.